ಗ್ಯಾನಮ್ಮ ಕೊಟ್ಟ ಅಭಿಪ್ರಾಯ

ಸರ್ಕಾರದವರು ನಮ್ಮ ಅಭಿಪ್ರಾಯ ಕೇಳಲು ಮಸ್ಕಿಗೆ ಬಂದದ್ದು ನಮ್ಮ ಅಂಗಡಿಗಳನ್ನೆಲ್ಲ ಕಿತ್ತು ಹಾಕಿ ಎಷ್ಟೋ ತಿಂಗಳು ಕಳೆದ ಮೇಲೆ. ಮೊದಲು ಕಿತ್ತು ಆಮೇಲೆ ಕೇಳುವುದು ಎಲ್ಲಿಯ ರಿವಾಜೋ ನನಗೆ ತಿಳಿಯದು. ಆದರೂ ಹೋದೆವು. ಕರೆದರೆ ಹೋಗುವ ಜನ ನಾವು.

ನನ್ನ ಹೆಸರು ಆಂಜನೇಯ. ಸ್ಟೋವು, ಕುಕ್ಕರು, ಮಿಕ್ಸಿ ರಿಪೇರಿ ನನ್ನ ಕಸುಬು. ರಸ್ತೆ ಬದಿಯ ಡಬ್ಬಿ ಅಂಗಡಿಗಳ ಸಾಲಿನಲ್ಲಿ ನನ್ನದೊಂದಿತ್ತು. ನನ್ನ ಪಕ್ಕದಲ್ಲಿ ಬಳೆಗಾರ್ತಿ ಗ್ಯಾನಮ್ಮ, ಅವಳಾಚೆ ರೊಟ್ಟಿ ಮಾರುವ ದಾವಲ್‌ಬೀ. ದೀಪಾವಳಿ ಮುಗಿದ ವಾರ ರಸ್ತೆ ಅಗಲ ಮಾಡುವ ಗುತ್ತಿಗೆದಾರನ ಜೆಸಿಬಿ ಬಂತು. ಬೆಳಿಗ್ಗೆ ಬಂದು ಮಧ್ಯಾಹ್ನದೊಳಗೆ ಖಾಲಿ ಮಾಡಿ ಎಂದರು. ನನ್ನದೇನು, ಸ್ಪ್ಯಾನರು ಪಕ್ಕಡು ಚೀಲಕ್ಕೆ ತುಂಬಿ ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ದಾವಲ್‌ಬೀಯ ರೊಟ್ಟಿ ಬುಟ್ಟಿಯೂ ಅಷ್ಟೇ. ಆದರೆ ಗಾಜಿನ ಬಳೆ ಹಾಗೆ ಏಳುವ ಸರಕಲ್ಲ. ಒಂದೊಂದು ಸರವನ್ನೂ ಕೋಲಿನಿಂದ ಬಿಡಿಸಿ, ಹುಲ್ಲು ಹಾಸಿ, ಡಬ್ಬಿಯಲ್ಲಿ ಮಲಗಿಸಬೇಕು. ಗ್ಯಾನಮ್ಮ ಇನ್ನೂ ಮೇಲಿನ ಕೋಲಿನಲ್ಲಿದ್ದಾಗಲೇ ಡ್ರೈವರನಿಗೆ ಊಟದ ಹೊತ್ತಾಯಿತು. ಅವನು ಅವಳನ್ನು ಹೊರಗೆ ಕರೆದು, ತಗಡಿನ ಮೇಲೆ ಯಂತ್ರದ ಕೈ ಊರಿದ. ಅಷ್ಟು ಬಳೆ ಒಟ್ಟಿಗೆ ಒಡೆದ ಸದ್ದು ಚೀಲದಿಂದ ಜೋಳ ಸುರಿದ ಹಾಗೆ ಕೇಳಿಸಿತು.

ಇಲ್ಲಿ ನಾನು ಒಡೆದ ಎಂದು ಬರೆದಿದ್ದೇನೆ. ಗ್ಯಾನಮ್ಮ ಕೇಳಿಸಿಕೊಂಡಿದ್ದರೆ ನನ್ನ ಬಾಯಿ ಮೇಲೆ ಹೊಡೆಯುತ್ತಿದ್ದಳು. ನಮ್ಮ ಕಡೆ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯ ಅಕ್ಕಿ ತೀರುವುದಿಲ್ಲ, ಅದೂ ಹೆಚ್ಚುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಕೆಟ್ಟದ್ದನ್ನು ಬಾಯಿಂದ ಕರೆಯಬಾರದೆಂದು ಹಿರಿಯರು ಮಾಡಿಟ್ಟದ್ದು. ಸಿಂಧನೂರು ಕಡೆ ನಿರಾಶ್ರಿತರಾಗಿ ಬಂದು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಂಗಸರೂ ತಮ್ಮ ಭಾಷೆಯಲ್ಲಿ ಶಂಖದ ಬಳೆ ಹೆಚ್ಚಿತು ಎಂದೇ ಹೇಳುತ್ತಾರಂತೆ, ಗ್ಯಾನಮ್ಮನೇ ಹೇಳಿದ್ದು. ಇನ್ನು ಹೆಂಗಸೊಬ್ಬಳು ತನ್ನ ಬಾಯಿಂದ ‘ನನ್ನ ಬಳಿ ಒಡದಾವ’ ಅಂದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ, ಅವಳ ಗಂಡ ಸತ್ತಿದ್ದಾನೆ ಎಂದು. ಬಳೆಗಾರ್ತಿಯಂತೂ ಆ ಮಾತನ್ನು ಕನಸಿನಲ್ಲಿಯೂ ಆಡುವುದಿಲ್ಲ. ಆಡಿದರೆ ಯಾವ ಮುತ್ತೈದೆ ಅವಳ ಮುಂದೆ ಕೈ ಚಾಚುತ್ತಾಳೆ?

ಗ್ಯಾನಮ್ಮ ನನಗೆ ಅಕ್ಕ, ಅವಳ ಗಂಡ ಪಂಪಣ್ಣ ನನಗೆ ಮಾವ. ರಕ್ತಸಂಬಂಧವೇನಿಲ್ಲ, ಪಕ್ಕ ಪಕ್ಕ ಕೂತು ಆದ ಸಂಬಂಧ. ಪಂಪಣ್ಣ ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಹಮಾಲಿ ಮಾಡಿ ಸೊಂಟ ಕಳೆದುಕೊಂಡವನು. ಈಗ ಮನೆಯಲ್ಲಿ ಕೂತು ಬಳೆಗಳನ್ನು ಬಣ್ಣಕ್ಕೆ ಬಣ್ಣ ಕೂಡಿಸಿ ದಾರದಲ್ಲಿ ಕಟ್ಟುತ್ತಿದ್ದ. ಮಕ್ಕಳಿಲ್ಲ. ಊರ ಹೆಂಗಸರಿಗೆಲ್ಲ ಬಳೆ ಇಡುವ ಗ್ಯಾನಮ್ಮ ತನ್ನ ಕೈಯನ್ನು ಮಾತ್ರ ಗಂಡನ ಮುಂದೆ ಚಾಚುತ್ತಿದ್ದಳು, ಅವನು ಆರಿಸಿದ ಹಸಿರು ಬಳೆಯನ್ನೇ ಇಡಿಸಿಕೊಳ್ಳುತ್ತಿದ್ದಳು. ಅವರಿಬ್ಬರನ್ನು ನೋಡಿ ನನ್ನ ಹೆಂಡತಿ ನನಗೆ ಬೈಯುತ್ತಿದ್ದಳು ಎಂದರೆ ಉಳಿದದ್ದು ನೀವೇ ತಿಳಿದುಕೊಳ್ಳಿ.

ಮೊದಲೆಲ್ಲ ಗ್ಯಾನಮ್ಮ ಬುಟ್ಟಿ ಹೊತ್ತು ಸಾಲಗುಂದ, ವಳಕಮದಿನ್ನಿ, ಕ್ಯಾಂಪು ಎಂದು ತಿರುಗಿದವಳು. ಸಕ್ಕರೆ ಕಾಯಿಲೆಗೆ ಎಡಗಾಲಿನ ಬೆರಳು ತೆಗೆದ ಮೇಲೆ ಕೂತು ಮಾರಲೆಂದೇ ಆ ಡಬ್ಬಿ ಅಂಗಡಿ ಹಾಕಿಕೊಂಡಿದ್ದಳು. ಅದೂ ಹೋದ ಮೇಲೆ ಸಾಲಕ್ಕೆ ತಂದ ನಾಲ್ಕು ಸರ ಬಳೆಯೊಂದಿಗೆ ಮತ್ತೆ ಬುಟ್ಟಿ ತಲೆಗೇರಿತು. ಒಂದು ತಿಂಗಳಲ್ಲಿ ಕಾಲಿನ ಹುಣ್ಣು ಮತ್ತೆ ಬಾಯಿ ಬಿಟ್ಟಿತು. ಇನ್ನೂ ಹೀಗೇ ನಡೆದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಅವಳಿಗೆ ಬೇಕಾದದ್ದು ಇಷ್ಟೇ, ಕೂಡಲು ಒಂದು ಜಾಗ.

ಜಾಗ ಕೊಡುವ ಮಾತು ಆಡಲಿಕ್ಕೇ ಸರ್ಕಾರದವರು ಬಂದಿದ್ದರು. ಸಣ್ಣ ವ್ಯಾಪಾರಿಗಳಿಗೆ ಬೆಂಬಲ ಕೊಡುವ ಹೊಸ ನೀತಿಯಂತೆ. ಅದರ ಕರಡು ಸಿದ್ಧವಾಗಿದೆಯಂತೆ, ಅದಕ್ಕೆ ಸಾರ್ವಜನಿಕರ ಅಭಿಪ್ರಾಯ ಬೇಕಂತೆ. ಸಂತೆ ಮಾರುಕಟ್ಟೆಯ ಹಿಂದೆ ಹೊಸದಾಗಿ ಕಟ್ಟಿದ ಮಳಿಗೆಗಳನ್ನು ಆ ನೀತಿಯ ಪ್ರಕಾರ ಹಂಚುತ್ತಾರೆ. ಸರಕು ಹಾನಿಯಾದವರಿಗೆ ಮೊದಲು, ವಿಧವೆಯರಿಗೆ ಬೇರೆ ಮೀಸಲು, ಉಳಿದವರಿಗೆ ಉಳಿದರೆ. ಸಭಾಭವನದಲ್ಲಿ ಬ್ಯಾನರು ಕಟ್ಟಿ, ನಮಗೆಲ್ಲ ಟೋಕನ್ ಕೊಟ್ಟು ಕೂರಿಸಿದರು. ಬೆಂಗಳೂರಿನಿಂದ ಬಂದ ಮೇಡಂ ಒಬ್ಬರು ಕೇಳುತ್ತಿದ್ದರು, ಪಕ್ಕದಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪಿನಲ್ಲಿ ಕುಟ್ಟುತ್ತಿದ್ದ. ಮೇಡಂ ಕೆಟ್ಟವರಲ್ಲ. ಒಬ್ಬೊಬ್ಬರನ್ನೂ ಅಮ್ಮ, ಅಣ್ಣ ಎಂದು ಮಾತಾಡಿಸಿದರು. ಕೆಟ್ಟವರಾಗಿದ್ದರೆ ನಾವು ಜಗಳವನ್ನಾದರೂ ಮಾಡುತ್ತಿದ್ದೆವು.

ದಾವಲ್‌ಬೀ ಮೊದಲು ಹೋದಳು. ಅವಳ ಗಂಡ ಆಂಧ್ರದಲ್ಲಿ ದುಡಿಯಲು ಹೋಗಿ ಅಲ್ಲಿಯೇ ಸತ್ತು ಅಲ್ಲಿಯೇ ಮಣ್ಣಾದವನು.

“ಸತ್ತ ಸರ್ಟಿಫಿಕೇಟ್ ತಾ ಅಂತಾರ‍್ರಿ. ಎಲ್ಲಿಂದ ತರ‍್ಲಿ? ಓಣ್ಯಾಗ ಬಂದು ಕೇಳ್ರಿ, ಮಂದಿ ಹೇಳ್ತಾರ,” ಎಂದಳು.

“ಒಳ್ಳೆಯ ಸಲಹೆ. ಬರೆದುಕೊಳ್ಳಪ್ಪ, ಪ್ರಮಾಣಪತ್ರ ಇಲ್ಲದಿದ್ದರೆ ಸ್ಥಳ ಪರಿಶೀಲನೆ ಸಾಕು ಅಂತ,” ಎಂದರು ಮೇಡಂ. ನಾವು ಕೊಟ್ಟ ಅಷ್ಟೂ ಅಭಿಪ್ರಾಯಗಳಲ್ಲಿ ಸರ್ಕಾರ ಒಪ್ಪಿಕೊಂಡದ್ದು ಇದೊಂದನ್ನೇ ಎಂದು ಆಮೇಲೆ ಗೊತ್ತಾಯಿತು.

ಆಮೇಲೆ ಗ್ಯಾನಮ್ಮ.

“ಹೇಳಿ ಅಮ್ಮ, ಅಂಗಡಿ ತೆರವು ಮಾಡಿದಾಗ ನಿಮ್ಮ ಬಳೆಗಳು ಏನಾದವು?”

“ಹೆಚ್ಚಿದ್ವುರಿ ಮೇಡಂ.”

“ಹೆಚ್ಚಾದವಾ?”

“ಹೂಂರಿ. ಎಲ್ಲಾ ಹೆಚ್ಚಿದ್ವು. ಒಂದ್ ಸರಾನೂ ಬಿಡಲಿಲ್ಲ.”

ಮೇಡಂ ಮುಖದಲ್ಲಿ ಸಣ್ಣದೊಂದು ಸಂತೋಷ ಕಂಡಿತು. “ಅಂದರೆ ಚೆನ್ನಾಗಿ ಮಾರಾಟ ಆಗುತ್ತಿದೆ?”

“ಎಲ್ಲಿ ಮಾರಾಟರಿ. ಹೆಚ್ಚಿದ ಬಳಿ ಯಾರ್ ತಗೋತಾರ‍್ರಿ? ಲುಕ್ಸಾನ ಆತ್ರಿ, ಭಾಳ ಲುಕ್ಸಾನ.”

ಲ್ಯಾಪ್‌ಟಾಪಿನ ಹುಡುಗ ಬರೆದದ್ದನ್ನು ಗಟ್ಟಿಯಾಗಿ ಓದಿದ: “ಸರಕು ಹೆಚ್ಚಾಗಿದೆ, ಮಾರಾಟವಿಲ್ಲದೆ ನಷ್ಟ.” ಗ್ಯಾನಮ್ಮ ಹೂಂ ಎಂದು ತಲೆಯಾಡಿಸಿದಳು. ಅವಳ ಕಿವಿಗೆ ಅದರಲ್ಲಿ ತಪ್ಪೇನೂ ಕೇಳಿಸಲಿಲ್ಲ.

ನಾನು ಎದ್ದು ನಿಂತೆ. “ಮೇಡಂ, ಹೆಚ್ಚಿದ್ವು ಅಂದ್ರ…”

“ನಿಮ್ಮ ಟೋಕನ್ ಬಂದಾಗ ಹೇಳಿ ಅಣ್ಣ, ಎಲ್ಲರಿಗೂ ಅವಕಾಶ ಇದೆ.”

ನನ್ನ ಟೋಕನ್ ಬರುವ ಹೊತ್ತಿಗೆ ಮೇಡಂ ಮುಂದಿನ ಊರಿನ ಸಭೆಗೆ ಹೋಗಿಯಾಗಿತ್ತು. ಉಳಿದ ಹುಡುಗನಿಗೆ ನಾನು ಬಳೆ ಹೆಚ್ಚುವುದೆಂದರೇನು ಎಂದು ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿ, ಬೇರೆಯವರ ಅಭಿಪ್ರಾಯವನ್ನು ನೀವು ತಿದ್ದಲು ಬರುವುದಿಲ್ಲ ಸರ್, ನಿಮ್ಮ ಅಭಿಪ್ರಾಯ ಇದ್ದರೆ ಹೇಳಿ ಎಂದ. ನನ್ನ ಅಭಿಪ್ರಾಯ ನಾನು ಹೇಳಿದೆ. ಅದನ್ನು ಅವನು ಬರೆದುಕೊಳ್ಳಲಿಲ್ಲ, ಬರೆದುಕೊಳ್ಳುವಂಥದ್ದೂ ಆಗಿರಲಿಲ್ಲ.

ಹದಿನೈದು ದಿನಕ್ಕೆ ಗ್ಯಾನಮ್ಮನ ಫೋನಿಗೆ ಮೆಸೇಜು ಬಂತು. ಹೆಚ್ಚುವರಿ ಸರಕು ಉಳಿದಿರುವ ವ್ಯಾಪಾರಿಗಳಿಗೆ ಸಿಂಧನೂರಿನಲ್ಲಿ ಮಾರುಕಟ್ಟೆ ತರಬೇತಿ, ತಪ್ಪದೆ ಹಾಜರಾಗಬೇಕು. ಅವಳು ಹುಣ್ಣಿನ ಕಾಲಿಗೆ ಬಟ್ಟೆ ಸುತ್ತಿಕೊಂಡು ಬಸ್ ಹತ್ತಿದಳು, ಜೊತೆಗೆ ನಾನೂ ಹೋದೆ. ಅಲ್ಲಿ ಒಬ್ಬರು ಇಡೀ ದಿನ, ಕೂಡಿಬಿದ್ದ ಸರಕನ್ನು ಫೋಟೋ ತೆಗೆದು ಫೋನಿನಲ್ಲಿ ಮಾರುವುದು ಹೇಗೆ ಎಂದು ಹೇಳಿಕೊಟ್ಟರು. ಫೋಟೋ ತೆಗೆಯಲು ಗ್ಯಾನಮ್ಮನ ಹತ್ತಿರ ಕೂಡಿಬಿದ್ದ ಬಳೆಯೇ ಇರಲಿಲ್ಲ. ಸಂಜೆಗೆ ಅವಳಿಗೂ ಒಂದು ಪ್ರಮಾಣಪತ್ರ ಕೊಟ್ಟು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ತರಬೇತಿಯಲ್ಲಿ ನೀರು, ಚಹಾ ಕೊಡುತ್ತಿದ್ದ ಬುಡ್ಡೇಸಾಬ್ ಎಂಬ ಜವಾನ ನಮ್ಮ ಕಡೆಯವನೇ. ಗ್ಯಾನಮ್ಮನ ಕಥೆ ಕೇಳಿ ಅವನೇ ದಾರಿ ಹೇಳಿಕೊಟ್ಟ.

“ಅವ್ವಾ, ಲಿಂಗಸುಗೂರಿನ್ಯಾಗ ಕಡೀ ಅಹವಾಲು ಐತಿ. ದೊಡ್ಡ ಸಾಹೇಬ್ರು ಒಬ್ಬೊಬ್ಬರನ್ನ ಕರದು ಕೇಳ್ತಾರ. ಹೆಚ್ಚಿದ್ವು, ಲುಕ್ಸಾನ ಆತು ಅನಬ್ಯಾಡ, ಮತ್ತ ಇಲ್ಲಿಗೇ ಕಳಸ್ತಾರ. ಏನಾಗೈತಿ ಅದನ್ನ ಬಿಚ್ಚಿ ಹೇಳು.”

“ಬಿಚ್ಚಿ ಹೇಳೂದಂದ್ರ?”

“ಒಡದಾವ ಅನ್ನು.”

ಗ್ಯಾನಮ್ಮ ಕಿವಿ ಮುಚ್ಚಿಕೊಂಡಳು. ಬುಡ್ಡೇಸಾಬ್ ತಲೆ ತಗ್ಗಿಸಿ ಚಹಾದ ಲೋಟಗಳನ್ನು ಒಂದರೊಳಗೊಂದು ಇಟ್ಟ.

ಲಿಂಗಸುಗೂರಿಗೆ ಹೋಗುವ ದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಗಂಡಹೆಂಡಿರ ನಡುವೆ ಅದೇ ಮಾತು ನಡೆದಿತ್ತು. ಅವಳು ಹೋಗುವುದಿಲ್ಲ ಎಂದು ಕೂತಿದ್ದಳು. ಪಂಪಣ್ಣ ಅವಳ ಕಾಲಿಗೆ ಮುಲಾಮು ಹಚ್ಚುತ್ತಿದ್ದ.

“ಅಂದ್ರ ಏನಾಗ್ತೈತಿ? ಕ್ವಿಂಟಾಲ್‌ಗಟ್ಟಲೆ ಹೊತ್ತು ಸಾಯಲಿಲ್ಲ, ನಿನ್ನ ಬಾಯಿ ಮಾತಿಗೆ ಸಾಯ್ತೀನಿ ಏನು?” ಎಂದ.

“ನೀ ಸುಮ್ಮನಿರು.”

“ನಾ ಸುಮ್ಮನಿದ್ರ ನಿನ್ನ ಕಾಲು ಹೋಗ್ತಾವ. ಹೇಳೋ ಆಂಜನೇಯ, ನಿಮ್ಮಕ್ಕಗ.”

“ಮಾವ ಹೇಳೂದು ಖರೆ ಐತಿ ಅಕ್ಕ. ಒಂದ ಮಾತು. ಅಂದು ಬಂದುಬಿಡು,” ಎಂದೆ ನಾನು.

ಅವಳು ಎದ್ದಳು. ಗಂಡ ಸೆರಗು ಸರಿಮಾಡಿ ಕಳಿಸಿಕೊಟ್ಟ.

ಲಿಂಗಸುಗೂರಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು, ಜೊತೆಗೆ ಬಂದವರು ಹೊರಗೆ. ನಾನು ಬೇವಿನ ಗಿಡದ ಕೆಳಗೆ ಕಾದೆ. ಅವಳು ಬಹಳ ಹೊತ್ತಿಗೆ ಹೊರಗೆ ಬಂದಳು. ಕುಂಟುತ್ತ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಬಸ್ಸಿನಲ್ಲಿ ಕೂತ ಮೇಲೆ ತಾನಾಗಿಯೇ ಹೇಳಿದಳು.

“ಅಂದೆಪ್ಪಾ. ‘ನನ್ನ ಬಳಿ ಒಡದಾವ್ರಿ’ ಅಂದೆ. ಅನ್ನೋ ಮುಂದ ಸೆರಗು ಹಣಿ ತನಕ ಎಳಕೊಂಡಿದ್ದೆ. ಕೈ ಎರಡೂ ಸೆರಗಿನಾಗ ಮುಚ್ಚಿಕೊಂಡಿದ್ದೆ, ಕೈಯಾಗಿನ ಬಳಿಗೆ ಕೇಳಿಸಬಾರದಂತ.”

“ಸಾಹೇಬ್ರು ಏನಂದ್ರು?”

“ಭಾಳ ಚೊಲೋ ಮನಶ್ಯಾ. ನಮ್ಮ ಕಲಬುರ್ಗಿ ಕಡ್ಯಾವ್ರಂತ. ಕಾಗದ ನೋಡಲೇ ಇಲ್ಲ, ನನ್ನ ಮಾರಿ ನೋಡಿದ್ರು. ಕುರ್ಚಿ ಮ್ಯಾಲ ಕೂಡ್ರಿಸಿ ನೀರು ಕೊಡಿಸಿದ್ರು. ಯಾವಾಗ ಆತವ್ವಾ ಅಂದ್ರು. ದೀಪಾವಳಿ ಆದ ಮ್ಯಾಲ್ರಿ ಅಂದೆ. ಮನ್ಯಾಗ ದುಡಿಯಾವ್ರು ಯಾರದಾರ ಅಂದ್ರು. ಯಾರಿಲ್ರಿ ಅಂದೆ. ಅಳಬ್ಯಾಡವ್ವಾ, ನಾ ನೋಡ್ತೀನಿ ಅಂದ್ರು.”

ನನಗೆ ಸಂತೋಷವಾಯಿತು. ಒಡೆದ ಬಳೆಗಾಗಿ ಕುರ್ಚಿ ಕೊಟ್ಟು ನೀರು ಕೊಡಿಸುವ ಅಧಿಕಾರಿಯೂ ಇರುತ್ತಾನಲ್ಲ ಎಂದುಕೊಂಡೆ. ಬಸ್ಸು ಮಸ್ಕಿ ಮುಟ್ಟುವವರೆಗೂ ಗ್ಯಾನಮ್ಮ ತನ್ನ ಬಳೆಗಳನ್ನು ಸೆರಗಿನ ಒಳಗೇ ಸವರುತ್ತ ಕೂತಿದ್ದಳು.

ಮಳಿಗೆ ಸಿಕ್ಕವರ ಪಟ್ಟಿ ಫೋನಿಗೆ ಬಂತು. ಅವರ ಮನೆಯ ಕಟ್ಟೆಯ ಮೇಲೆ ಕೂತು ನಾನೇ ಓದಿದೆ. ಸರಕು ಹಾನಿಯಾದವರ ಸಾಲಿನಲ್ಲಿ ಅವಳ ಹೆಸರಿರಲಿಲ್ಲ, ಉಳಿದವರ ಸಾಲಿನಲ್ಲಿ ನನ್ನದೂ ಇರಲಿಲ್ಲ. ಕೆಳಗೆ ವಿಧವಾ ಮೀಸಲು ಎಂಬ ತಲೆಬರಹದಡಿ ದಾವಲ್‌ಬೀಯ ಹೆಸರಿತ್ತು. ಅದರ ಕೆಳಗೆ: ಗ್ಯಾನಮ್ಮ, ಗಂಡ ದಿವಂಗತ ಪಂಪಣ್ಣ.

ಓದುವ ಭರದಲ್ಲಿ ಓದಿಬಿಟ್ಟೆ. ಮಸ್ಕಿಗೆ ಬಂದ ಮೇಡಂಗೆ ನಮ್ಮ ಮಾತು ಬರುತ್ತಿರಲಿಲ್ಲ, ಹೆಚ್ಚಿತು ಎಂದರೆ ಹೆಚ್ಚಿತು ಎಂದೇ ಬರೆಸಿದರು. ಲಿಂಗಸುಗೂರಿನ ಸಾಹೇಬರಿಗೆ ನಮ್ಮ ಮಾತು ಪೂರಾ ಬರುತ್ತಿತ್ತು. ಸೆರಗು ಹೊದ್ದ ಹೆಂಗಸು ನನ್ನ ಬಳಿ ಒಡದಾವ ಎಂದು ಕಣ್ಣೀರು ಹಾಕಿದರೆ ನಮ್ಮ ಕಡೆಯವನು ಏನು ತಿಳಿದುಕೊಳ್ಳಬೇಕೋ ಅದನ್ನೇ ಅವರು ತಿಳಿದುಕೊಂಡರು. ಬೈಯಬೇಕೆಂದರೂ ಯಾರನ್ನು ಬೈಯುವುದು? ಆ ಸಿಟ್ಟು ಇವತ್ತಿಗೂ ನನ್ನೊಳಗೇ ಉಳಿದಿದೆ.

ಪಂಪಣ್ಣ ನಕ್ಕ. “ನಾ ಸತ್ತದ್ದು ನನಗ ಗೊತ್ತಾಗಲಿಲ್ಲ ನೋಡು,” ಎಂದ.

“ತಿದ್ದಸೋ ತಮ್ಮಾ. ಈಗ ಫೋನ್ ಮಾಡು,” ಎಂದಳು ಗ್ಯಾನಮ್ಮ.

ಪಟ್ಟಿಯ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ತಿದ್ದುಪಡಿಗೆ ಅರ್ಜಿ ಹಾಕಿದರೆ ಹೆಸರು ಈ ಹಂತದಿಂದ ಹೋಗುತ್ತದೆ, ಮಳಿಗೆಗಳೆಲ್ಲ ತುಂಬಿವೆ, ಮುಂದಿನ ಹಂತ ಯಾವಾಗಲೋ ಹೇಳಲು ಬರುವುದಿಲ್ಲ ಎಂದರು. ಮರಣ ಪ್ರಮಾಣಪತ್ರ ಕೊಡಬೇಕಾಗುತ್ತದೇನು ಎಂದು ಸುಮ್ಮನೆ ಕೇಳಿದೆ. ಅದೇನೂ ಬೇಡ, ಸಾರ್ವಜನಿಕರ ಅಭಿಪ್ರಾಯದ ಮೇರೆಗೆ ಅದನ್ನು ಕೈಬಿಟ್ಟಿದ್ದೇವೆ, ನಮ್ಮವರು ಮನೆಗೆ ಬಂದು ನೋಡುತ್ತಾರೆ ಎಂದರು.

ಇಬ್ಬರಿಗೂ ಹೇಳಿದೆ. ಗ್ಯಾನಮ್ಮ ತಕ್ಷಣ, ಹೋಗಲಿ ಬಿಡು ಆ ಮಳಿಗೆ, ನಮಗೆ ಬ್ಯಾಡ ಎಂದಳು. ಪಂಪಣ್ಣ ಅವಳ ಕಾಲನ್ನು ನೋಡುತ್ತ ಕೂತಿದ್ದ. ಬಟ್ಟೆಯ ಮೇಲೆ ಕೀವು ಇಳಿದಿತ್ತು.

“ಬ್ಯಾಡ ಅನ್ನಾಕ ನೀ ಯಾರು? ಸತ್ತಾಂವ ನಾನು. ನನಗ ಇಲ್ಲದ ತಕಲೀಫ್ ನಿಮಗ್ಯಾಕ?” ಎಂದ.

“ಹುಚ್ಚುಚ್ಚರ ಮಾತಾಡಬ್ಯಾಡ.”

“ಬುಟ್ಟಿ ಹೊರತಿ ಏನು? ಹೊರಾಕ ಆಗ್ತೈತೇನು? ನಾ ಹೊರ‍್ಲ್ಯಾ? ಹೇಳು ಮತ್ತ.”

ಅವಳು ಸೆರಗಿನಿಂದ ಆ ಕಾಲು ಮುಚ್ಚಿಕೊಂಡಳು.

ಪರಿಶೀಲನೆಗೆ ಬರುತ್ತೇವೆಂದು ಹಿಂದಿನ ದಿನವೇ ತಿಳಿಸಿದ್ದರು. ಪಕ್ಕದವರ ಸಾಕ್ಷಿ ಬೇಕೆಂದು ನನ್ನನ್ನೂ ಇರಲು ಹೇಳಿದ್ದರು. ನಾನು ಬೆಳಿಗ್ಗೆ ಹೋದಾಗ ಗ್ಯಾನಮ್ಮ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಒಂದು ಕೈ ಮಾತ್ರ ಹಿಂದಕ್ಕೆ ಚಾಚಿದ್ದಳು. ಪಂಪಣ್ಣ ಆ ಕೈಗೆ ಕೊಬ್ಬರಿ ಎಣ್ಣೆ ಸವರಿ, ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸುತ್ತಿದ್ದ. ಒಂದಕ್ಕೂ ಪೆಟ್ಟಾಗದಂತೆ ಜಾರಿಸುತ್ತಿದ್ದ. ತೆಗೆದದ್ದನ್ನು ದಾರದಲ್ಲಿ ಪೋಣಿಸಿ, ಅಂಗಡಿಯ ಬಳೆ ಕಟ್ಟುತ್ತಿದ್ದ ಹಾಗೆಯೇ ಗಂಟು ಹಾಕಿದ. ಆಮೇಲೆ ತನ್ನ ಪಂಚೆಯ ಅಂಚಿನಿಂದ ಅವಳ ಹಣೆ ಒರೆಸಿದ. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಬಂದವನ ಹೆಸರು ವೀರೇಂದ್ರ. ಮೀಸೆ ಈಗ ತಾನೆ ಗಟ್ಟಿಯಾಗುತ್ತಿದ್ದ ಹುಡುಗ. ಬೈಕ್ ನಿಲ್ಲಿಸಿ ಫೋನ್ ತೆಗೆದ. ಗ್ಯಾನಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಹುಡುಗ ಅವಳ ಬರಿಗೈ ನೋಡಿದ, ಬರಿಹಣೆ ನೋಡಿದ, ಪಾಪ ಎನ್ನಿಸಿರಬೇಕು, ಅವಳನ್ನು ಕೇಳದೆ ನನ್ನ ಕಡೆ ತಿರುಗಿದ.

“ಇವರ ಗಂಡ ತೀರಿಕೊಂಡದ್ದು ಯಾವಾಗ?”

ತೀರಿಕೊಂಡವನು ನನ್ನ ಪಕ್ಕದಲ್ಲಿಯೇ ಕಟ್ಟೆಯ ಮೇಲೆ ಕೂತು ನಶ್ಯದ ಡಬ್ಬಿ ತಿರುಗಿಸುತ್ತಿದ್ದ. ಅವನೇ ಉತ್ತರ ಕೊಟ್ಟ.

“ದೀಪಾವಳಿ ಆದ ಮ್ಯಾಲ್ರಿ.”

“ನೀವು ಯಾರು?”

“ನಾ ಆಕಿ ಅಣ್ಣರಿ. ಖಾಸ್ ಅಣ್ಣ, ಒಡಹುಟ್ಟಿದಾಂವ. ಈಗ ನನ್ನ ಹಂತ್ಯಾಕ ಇರ‍್ತಾಳ್ರಿ.”

ಹುಡುಗ ಬರೆದುಕೊಂಡು ನನ್ನ ಸಹಿ ತೆಗೆದುಕೊಂಡ. ಫಲಾನುಭವಿಯ ಫೋಟೋ ಬೇಕು ಎಂದ. ಅವಳನ್ನು ಬಾಗಿಲ ಮುಂದೆ ನಿಲ್ಲಿಸಿ, ಒಬ್ಬರೇ ಬೇಡ, ಅಣ್ಣನೂ ಪಕ್ಕದಲ್ಲಿ ನಿಲ್ಲಲಿ, ಮನೆಯವರ ಸಹಿತ ಇದ್ದರೆ ಒಳ್ಳೆಯದು ಎಂದ. ಪಂಪಣ್ಣ ಸೊಂಟ ಹಿಡಿದುಕೊಂಡು ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತ. ಮದುವೆಯಾದ ಮೇಲೆ ಅವರಿಬ್ಬರೂ ಒಟ್ಟಿಗೆ ನಿಂತು ತೆಗೆಸಿಕೊಂಡ ಮೊದಲ ಫೋಟೋ ಅದು.

ಬೈಕ್ ಮರೆಯಾದ ಮೇಲೂ ಗ್ಯಾನಮ್ಮ ಅಲ್ಲಿಯೇ ನಿಂತಿದ್ದಳು.

“ಮೈದುನ ಅನ್ನಬೇಕಿತ್ತು. ಊರಾವ ಅನ್ನಬೇಕಿತ್ತು. ಎಲ್ಲಾ ಬಿಟ್ಟು ಅಣ್ಣ ಯಾಕಂದಿ?” ಎಂದಳು.

ಪಂಪಣ್ಣ ನೆಲ ನೋಡಿದ. “ಮತ್ತೇನಂತಿ? ಬಳಿ ಇಲ್ಲದಾಕಿ ಜೋಡಿ ಒಂದ ಮನ್ಯಾಗ ಇರಬೇಕಂದ್ರ ಅಣ್ಣನ ಆಗಬೇಕು. ಮೈದುನ ಅಂದ್ರ ಮಂದಿ ಬಿಡ್ತಾರೇನು?”

“ಮಂದೀದು ಇರಲಿ. ಆ ಮಾತು ನಾ ಕೇಳಿನಿ.”

ಅಷ್ಟು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವನ ಹಾಸಿಗೆ ತಂದು ಹೊರಗಿನ ಕಟ್ಟೆಯ ಮೇಲೆ ಇಟ್ಟಳು. ಸಿಟ್ಟಿನಿಂದಲ್ಲ, ಮಡಿಕೆ ಸರಿಮಾಡಿ, ದಿಂಬು ತಟ್ಟಿ ಇಟ್ಟಳು. ಪಂಪಣ್ಣ ತನ್ನ ನಶ್ಯದ ಡಬ್ಬಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡ. ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು ಒಲೆಯ ಮುಂದೆ ಕೂತು ಅತ್ತಳು. ನನಗೂ ಅಳು ಬಂತು, ಮುಚ್ಚಿಡುವುದೇನು.

ಮಸ್ಕಿಯ ಹೆಂಗಸರಿಗೆ ಪಂಪಣ್ಣ ಬದುಕಿದ್ದಾನೆಂದು ಗೊತ್ತು. ಯಾರೂ ಹೋಗಿ ಅಧಿಕಾರಿಗಳಿಗೆ ಚಾಡಿ ಹೇಳಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವರು. ಆದರೆ ನಲ್ಲಿಯ ಹತ್ತಿರ, ಗಿರಣಿಯ ಹತ್ತಿರ ಮಾತು ತಿರುಗಿತು. ಬಳೆಗಾರ್ತಿ ತನ್ನ ಬಾಯಿಂದ ಆ ಮಾತು ಆಡಿದಳಂತೆ, ಗಂಡ ಎದುರಿಗಿರುವಾಗಲೇ ಬಳೆ ತೆಗೆದಳಂತೆ, ಗಂಡನ ಕೈಯಿಂದಲೇ ತೆಗೆಸಿಕೊಂಡಳಂತೆ. ಗಂಡ ಸತ್ತವಳಾದರೆ ಅದು ದೇವರು ಮಾಡಿದ್ದು ಎನ್ನಬಹುದಿತ್ತು.

ಮಳಿಗೆಗಳ ಉದ್ಘಾಟನೆಗೆ ಪೆಂಡಾಲು ಹಾಕಿದ್ದರು. ಬೆಂಗಳೂರಿನ ಮೇಡಂ ಬಂದಿದ್ದರು, ಫೋಟೋದವರು ಬಂದಿದ್ದರು. ನನಗೆ ಮಳಿಗೆ ಸಿಗದಿದ್ದರೂ ಗ್ಯಾನಮ್ಮನಿಗೆ ಕೋಲು, ಮೊಳೆ ಹೊಡೆದು ಕೊಡಲು ಹೋಗಿದ್ದೆ. ಪಂಪಣ್ಣ ಮೂಲೆಯಲ್ಲಿ ಡಬ್ಬಿ ಬಿಚ್ಚುತ್ತಿದ್ದ. ಹೇಗೋ ಹೊಂದಿಸಿ ತಂದ ಹೊಸ ಬಳೆ, ಕೆಂಪು, ಹಸಿರು, ಚುಕ್ಕಿಯವು. ಬಾಗಿಲ ಮೇಲೆ ಇಲಾಖೆಯವರೇ ಬರೆಸಿದ ಬೋರ್ಡಿತ್ತು: ಗ್ಯಾನಮ್ಮ ಬಳೆ ಅಂಗಡಿ, ವಿಧವಾ ಮೀಸಲು. ಅಂಥ ಬೋರ್ಡಿನ ಕೆಳಗೆ ಬಳೆ ಇಡಿಸಿಕೊಳ್ಳುವ ಹೆಂಗಸು ಈ ಜಿಲ್ಲೆಯಲ್ಲಿ ಇದ್ದಾಳೆಯೇ ಎಂದು ಬರೆಸಿದವರು ಒಬ್ಬರನ್ನಾದರೂ ಕೇಳಬಹುದಿತ್ತು. ಅಭಿಪ್ರಾಯ ಕೇಳುವ ಕಾಲ ಮುಗಿದಿತ್ತು.

ಮೇಡಂ ರಿಬ್ಬನ್ ಕತ್ತರಿಸಿ ಗ್ಯಾನಮ್ಮನ ಹೆಗಲು ಮುಟ್ಟಿದರು. “ನಿಮ್ಮನ್ನು ನೆನಪಿದೆ ಅಮ್ಮ. ಆವತ್ತು ನಿಮ್ಮ ಯಜಮಾನರ ವಿಷಯ ಹೇಳಲೇ ಇಲ್ಲವಲ್ಲ,” ಎಂದರು. ಗ್ಯಾನಮ್ಮ ಸುಮ್ಮನೆ ಕೈ ಮುಗಿದಳು. ಫೋಟೋದವನು, ಮೊದಲ ಗಿರಾಕಿಗೆ ಬಳೆ ತೊಡಿಸುತ್ತಿರುವ ಫೋಟೋ ಬೇಕು, ಯಾರಾದರೂ ಒಬ್ಬರು ಬನ್ನಿ ಎಂದ.

ಗ್ಯಾನಮ್ಮ ಹಸಿರು ಬಳೆಗಳನ್ನು ಕೈಗೆತ್ತಿಕೊಂಡು ಕೂತಳು. ಪೆಂಡಾಲಿನಲ್ಲಿ ಅವಳ ಹಳೆಯ ಗಿರಾಕಿಗಳೇ ತುಂಬಿದ್ದರು. ನಾಗವೇಣಿ ಇದ್ದಳು, ಅವಳ ಸೀಮಂತಕ್ಕೆ ಮೊಳಕೈವರೆಗೆ ಬಳೆ ಇಟ್ಟವಳು ಗ್ಯಾನಮ್ಮನೇ. ಅವಳು ಮಗುವಿನ ಅಂಗಿ ಸರಿಮಾಡುತ್ತ ನಿಂತಳು. ಬನ್ನಿ, ಬನ್ನಿ, ನಾಚಿಕೆ ಬೇಡ ಎಂದು ಮೇಡಂ ಎರಡು ಸಲ ಕರೆದರು. ಹೆಂಗಸರು ಒಬ್ಬರ ಹಿಂದೊಬ್ಬರು ಸರಿದರು, ಎಲ್ಲರ ಕೈಗಳೂ ಸೆರಗಿನೊಳಗೆ ಹೋದವು. ನನ್ನ ಹೆಂಡತಿಯೂ ಅಲ್ಲಿದ್ದಳು. ಅವಳನ್ನು ನೋಡಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ತಲೆ ಅಡ್ಡಡ್ಡ ಆಡಿಸಿದಳು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಗ್ಯಾನಮ್ಮ ಪಂಪಣ್ಣನನ್ನು ಏನೆಂದೂ ಕರೆದದ್ದನ್ನು ನಾನು ಕೇಳಿರಲಿಲ್ಲ, ಬೇಕಾದಾಗ ಎದುರಿಗೆ ಹೋಗಿ ನಿಲ್ಲುತ್ತಿದ್ದಳು, ಇಲ್ಲವೆ ಕೆಮ್ಮುತ್ತಿದ್ದಳು. ಈಗ ಕುಂಟು ಕಾಲಿನಲ್ಲಿ ಏಳಲಾಗದೆ, ಮೇಡಂ ಎದುರಿಗೇ ನಿಂತಿರುವಾಗ, ಮೂಲೆಯ ಕಡೆ ತಿರುಗಿದಳು.

“ಅಣ್ಣಾ, ಈ ಬಳಿ ಡಬ್ಬ್ಯಾಗ ಇಡು,” ಎಂದಳು.

ಪಂಪಣ್ಣ ಎದ್ದು ಬಂದು ಅವಳ ಕೈಯಿಂದ ಬಳೆ ತೆಗೆದುಕೊಂಡ.